ಕಟ್ಟಲು ಬಂದವರು

ದೊರೆಗೆ ಚಳಿಜ್ವರ ಹತ್ತಿದ್ದು ಮಂಗಳವಾರ. ಗುರುವಾರದ ಹೊತ್ತಿಗೆ ಮಂಚ ಬಿಟ್ಟೇಳಲಾಗದೆ, ಮೂರು ಕಂಬಳಿ ಹೊದ್ದು, ಹಲ್ಲು ಕಟಕಟಿಸುತ್ತಲೇ ಆತ ಅಪ್ಪಣೆ ಕೊಟ್ಟ. ಬೆಟ್ಟದಾಚೆಯ ಕೊರಕಲನ್ನು ದಾಟಿ ಚೆಂಬೆ ಎಂಬ ಒಡತಿಯ ಊರಿಗೆ ಹೋಗಬೇಕು. ಅಲ್ಲಿ ಸರ್ಕಾರದ ಠಾಣೆ ಎಬ್ಬಿಸಲು ಅವಳ ಒಪ್ಪಿಗೆ ತರಬೇಕು. ಮಳೆಗೆ ಹೆಚ್ಚೆಂದರೆ ಹತ್ತು ದಿನ ಬಾಕಿ. ಮಳೆ ಹಿಡಿದರೆ ಕೊರಕಲು ತುಂಬಿ ಐದು ತಿಂಗಳು ಆ ಕಡೆಗೆ ದಾರಿಯಿಲ್ಲ, ಅಷ್ಟರಲ್ಲಿ ಪೂರ್ವದಿಂದ ಪೋರ್ಚುಗೀಸರು ಬಂದು ತಮ್ಮ ಬಾವುಟ ನೆಟ್ಟುಬಿಡುತ್ತಾರೆ.

ಇಂಗ್ಲಿಷರು ನಮ್ಮ ಪಡುಗಡಲಿನಾಚೆಯ ಶಿರೆ ಹೊಳೆಯ ನಾಡಿಗೆ ಕಾಲಿಟ್ಟು ಆಗಿನ್ನೂ ಮೂರು ವರ್ಷ. ದಂಡೆಯ ಮೇಲೆ ನಾಲ್ಕು ಮಣ್ಣಿನ ಗೋಡೆ, ಮೇಲೆ ಹುಲ್ಲು, ಮುಂದೊಂದು ಬಾವುಟದ ಕಂಬ. ಜನ ಅದನ್ನು ಬೊಮಾ ಎನ್ನುತ್ತಿದ್ದರು. ಸರ್ಕಾರ ಎಂದರೆ ಅಷ್ಟೇ, ಮತ್ತೆ ಒಳಗೆ ನಡುಗುತ್ತ ಮಲಗಿದ್ದ ಪೆಟಿಗ್ರೂ ದೊರೆ.

ಆ ಮೂರು ವರ್ಷವೂ ಹೊರೆಯಾಳುಗಳ ಮುಂದಾಳಾಗಿದ್ದವನು ಚಿಗಾರು. ಅವನನ್ನು ಎಲ್ಲರೂ ಕಪಿತಾವೊ ಎಂದು ಕರೆಯುತ್ತಿದ್ದರು, ದೊರೆ ಕೊಟ್ಟ ಕೆಂಪು ಟೊಪ್ಪಿಗೆ ಅದರ ಗುರುತು. ದೊರೆಯ ಡೇರೆ ಎಲ್ಲಿ ಹಾಕಬೇಕು, ಯಾವ ಹಳ್ಳದ ನೀರು ಕುಡಿಯಬಹುದು, ಯಾವ ಊರಿನ ಮುಖಂಡ ನಕ್ಕರೆ ನಂಬಬಾರದು, ಇದೆಲ್ಲ ತೀರ್ಮಾನವಾಗುತ್ತಿದ್ದದ್ದು ಅವನ ಬಾಯಿಂದ. ಆದ್ದರಿಂದ ದೊರೆ ಕಾಗದ ತುಂಬಿದ ತಗಡಿನ ಕೊಳವೆಯನ್ನು ಎತ್ತಿ ಹಿಡಿದಾಗ ಅವನು ಎರಡೂ ಕೈ ಚಾಚಿ ಒಂದು ಹೆಜ್ಜೆ ಮುಂದೆ ಬಂದ. ಕೊಳವೆ ಅವನ ಕೈಯನ್ನು ದಾಟಿ ಹಿಂದೆ ನಿಂತಿದ್ದವನ ಕೈ ಸೇರಿತು.

"ಮುಂದಾಳು ಯೋನಾ," ಎಂದ ದೊರೆ. "ಚಿಗಾರು, ನೀನು ದಾರಿ ತೋರಿಸು."

ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಚಿಗಾರು ಅವನ್ನು ಒಂದಕ್ಕೊಂದು ಉಜ್ಜಿಕೊಂಡ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಈ ಯೋನಾ ಮಲೆಂಗ ಬೊಮಾಕ್ಕೆ ಬಂದು ಎರಡು ತಿಂಗಳಾಗಿತ್ತು, ಅಷ್ಟೆ. ಬೆಟ್ಟದ ಮೇಲಿನ ಪಾದ್ರಿಗಳ ಶಾಲೆಯಲ್ಲಿ ಬೆಳೆದವನು, ಇಂಗ್ಲಿಷ್ ಬಲ್ಲವನು, ದೊರೆಯ ದುಭಾಷಿ. ಅವನು ಬರುವ ಮೊದಲು ದೊರೆಯೂ ಚಿಗಾರುವೂ ಕೈಸನ್ನೆಯಲ್ಲಿ, ಅಲ್ಲಿನ ಜನರ ನ್ಯಾಂಜಾ ಭಾಷೆಯ ಮುರುಕು ಮಾತಿನಲ್ಲಿ ಹೇಗೋ ಸಂಸಾರ ತೂಗಿಸುತ್ತಿದ್ದರು. ಈಗ ದೊರೆಯೂ ಯೋನಾನೂ ಇಂಗ್ಲಿಷಿನಲ್ಲಿ ಏನೋ ಹೇಳಿಕೊಂಡು ನಗುವಾಗ ಚಿಗಾರು ಬಾಗಿಲ ಹೊರಗೆ ನಿಂತು ಆ ನಗು ಮುಗಿಯುವುದನ್ನು ಕಾಯಬೇಕು. ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಆಗಲೇ. ಇವತ್ತು ಅದಕ್ಕೆ ಗಾಳಿ ಬೀಸಿತು.

ಹೊರಟವರು ನಾಲ್ವರು. ಯೋನಾ, ಚಿಗಾರು, ಮತ್ತೆ ಇಬ್ಬರು ಹೊರೆಯಾಳುಗಳು. ಒಬ್ಬ ಬ್ವನಾಲಿ, ತಲೆ ನರೆತವನು, ನಾಲಿಗೆಗೆ ಮೂಳೆಯಿಲ್ಲ. ಇನ್ನೊಬ್ಬ ತಂಬಾಲ. ಆ ಹೆಸರಿಗೆ ಹುಂಜ ಎಂದರ್ಥ, ಆದರೆ ಆನೆಯಂಥ ಮೈಯ ಈ ಹುಂಜ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

ಮಳೆಗೆ ಮುಂಚಿನ ಕಾಡು ಆ ನಾಡಿನಲ್ಲಿ ಹಸಿರಾಗಿರುವುದಿಲ್ಲ. ನೆಲವೆಲ್ಲ ಸುಟ್ಟ ಹುಲ್ಲಿನ ಬೂದಿ, ಮೇಲೆ ಮರಮರವೂ ಹೊಸ ಎಲೆ ಬಿಟ್ಟು ತಾಮ್ರದ ಕೆಂಪು, ದಾಸವಾಳದ ಕೆಂಪು, ಎಳೆಗೂಸಿನ ಅಂಗೈಯ ಕೆಂಪು. ಆ ಕೆಂಪಿನ ಕೆಳಗೆ ದಿನವಿಡೀ ನಡೆದರೂ ನೆರಳು ಸಾಲುವುದಿಲ್ಲ. ಗಾಳಿ ಅಲುಗುವುದಿಲ್ಲ. ದೂರದಲ್ಲಿ ಬೆಟ್ಟ ನೀಲಿಯಾಗಿ, ನಡೆದಷ್ಟೂ ಅಷ್ಟೇ ದೂರ ಕುಳಿತಿರುತ್ತದೆ. ಕಾಲಿಗೆ ಸಿಗುವ ಕಾಲುದಾರಿ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ, ಆದ್ದರಿಂದ ಮೊದಲು ಯಾರು, ಎರಡನೆಯವನು ಯಾರು ಎಂಬುದು ಹೆಜ್ಜೆಹೆಜ್ಜೆಗೂ ಕಣ್ಣಿಗೆ ಕಾಣುತ್ತದೆ.

ಚಿಗಾರು ಎರಡನೆಯವನಾಗಿದ್ದ. ಎಲ್ಲಿ ತಿರುಗಬೇಕೆಂದು ಹಿಂದಿನಿಂದ ಹೇಳುವುದು, ಮುಂದಿನವನು ತಿರುಗುವುದು. ಮೊದಲ ದಿನ ಅವನು ನೋಡಿದ್ದೆಲ್ಲ ಯೋನಾನ ಬೆನ್ನು.

ಯೋನಾ ಸೋಂಬೇರಿಯಾಗಿದ್ದರೆ ಬೈಯಬಹುದಿತ್ತು, ಹೇಡಿಯಾಗಿದ್ದರೆ ನಗಬಹುದಿತ್ತು. ಅವನು ಎರಡೂ ಅಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದ, ತಂಬಾಲನ ಹೊರೆಯಿಂದ ಒಂದು ಪಾಲು ತಾನೇ ಎತ್ತಿಕೊಳ್ಳುತ್ತಿದ್ದ. ಬ್ವನಾಲಿಗೆ ಆನೆ ಮತ್ತು ಮೊಲದ ಕತೆ ಹೇಳಿ ಹೊಟ್ಟೆ ಹಿಡಿದು ನಗಿಸುತ್ತಿದ್ದ. ಅದೇ ಕತೆಯನ್ನು ಚಿಗಾರು ಹಿಂದಿನ ವರ್ಷ ಹೇಳಿದ್ದ, ಆಗ ಬ್ವನಾಲಿ ಆಕಳಿಸಿದ್ದ. ಎರಡನೆಯ ದಿನ ಯೋನಾ ಒಂದೇ ಗುಂಡಿಗೆ ಗಿನಿಕೋಳಿ ಹೊಡೆದ. ಮೆಕ್ಕೆಜೋಳದ ಮುದ್ದೆಯ ಜೊತೆ ಅದನ್ನು ಸುಟ್ಟು ತಿನ್ನುವಾಗ ಬ್ವನಾಲಿಗೆ ಸುಮ್ಮನಿರಲಾಗಲಿಲ್ಲ.

"ಏನ್ ಕಪಿತಾವೊ, ಮುಖ ಹುಳಿ ಮಾವಿನಕಾಯಿ ತಿಂದ ಹಾಗಿದೆ. ಕೋಳಿ ಹಿಡಿಸ್ಲಿಲ್ವಾ?"

"ಉಪ್ಪು ಜಾಸ್ತಿ," ಎಂದ ಚಿಗಾರು. ಆ ಕೋಳಿಗೆ ಯಾರೂ ಉಪ್ಪು ಹಾಕಿಯೇ ಇರಲಿಲ್ಲ.

ಮೂರನೆಯ ದಿನ ಜವುಗು ಬಂತು. ಆಳೆತ್ತರದ ಜೊಂಡು, ಅದರ ಕೆಳಗೆ ಕಪ್ಪು ಕೆಸರು. ಇಲ್ಲಿ ಚಿಗಾರು ಮುಂದೆ ನಡೆದ, ಏಕೆಂದರೆ ಇಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಕೆಸರಿನಡಿಯ ಬೇರುಗಳನ್ನು ಅಂಗಾಲಿನಿಂದಲೇ ತಡವಿ ತಡವಿ ಹೆಜ್ಜೆ ಇಡುತ್ತಿದ್ದ.

ಹಿಂದೆ ಗುಳಕ್ ಎಂದಿತು.

ಯೋನಾ ಸೊಂಟದವರೆಗೆ ಹೂತಿದ್ದ. ಒದ್ದಾಡಿದ. ಎದೆವರೆಗೆ ಇಳಿದ. ಚಿಗಾರು ಜೊಂಡಿನ ಮೇಲೆ ಬೋರಲು ಬಿದ್ದು ಊರುಗೋಲು ಚಾಚಿದ. ತಂಬಾಲ ಅವನ ಕಾಲು ಹಿಡಿದು ಎಳೆದ. ಮೂವರೂ ಕೆಸರಿನ ಮುದ್ದೆಯಾಗಿ ಒಣನೆಲಕ್ಕೆ ಬಂದು ಬಿದ್ದರು.

ಇನ್ನಾದರೂ ಇವನ ಸೊಕ್ಕು ಇಳಿಯುತ್ತದೆ ಎಂದುಕೊಂಡ ಚಿಗಾರು. ಯೋನಾ ಕಣ್ಣಿನ ಕೆಸರು ಒರೆಸಿಕೊಂಡು, ಅಣ್ಣನ ಕಾಲಿಗಿರುವ ಬುದ್ಧಿ ತನ್ನ ತಲೆಗೂ ಇಲ್ಲವೆಂದು ಎಲ್ಲರೆದುರು ಹೇಳಿ ನಕ್ಕ. ಇಳಿಸಲು ಅಲ್ಲಿ ಸೊಕ್ಕೇ ಇರಲಿಲ್ಲ. ಅದು ಚಿಗಾರುವಿಗೆ ಇನ್ನಷ್ಟು ಉರಿ ಹತ್ತಿಸಿತು.

ನಾಲ್ಕನೆಯ ದಿನ ಮಧ್ಯಾಹ್ನ ಕೊರಕಲಿನ ಸದ್ದು ಕೇಳುವಷ್ಟು ಹತ್ತಿರ ಬಂದು, ಒಂದು ಬಂಡೆಯ ನೆರಳಿನಲ್ಲಿ ಕುಳಿತರು. ಯೋನಾ ತಾನು ಆಡಬೇಕಾದ ಮಾತನ್ನು ಒಂದು ಸಲ ಆಡಿ ತೋರಿಸಿದ. ಕೊರಕಲಿನ ಮೇಲೆ ಬಳ್ಳಿಯ ಸೇತುವೆ, ಆಚೆ ದಡದಲ್ಲಿ ಚೆಂಬೆಯ ಕಾವಲಿನವರು. ನೀರಿನ ಅಬ್ಬರದಲ್ಲಿ ಉದ್ದ ಮಾತು ಕೇಳಿಸುವುದಿಲ್ಲ, ಚಿಕ್ಕದಾಗಿ ಕೂಗಿ ಹೇಳಬೇಕು.

"ಬೊಮಾದ ದೊರೆ ಕಳಿಸಿದ್ದಾನೆ. ಕಟ್ಟಲು ಬಂದಿದ್ದೇವೆ. ಹೀಗಂದ್ರೆ ಸರೀನಾ ಅಣ್ಣ? ಈ ಕಡೆ ಜನ ನಿನಗೇ ಚೆನ್ನಾಗಿ ಗೊತ್ತು."

ಸರಿಯಿರಲಿಲ್ಲ. ನಮ್ಮ ಮಾತಿನಲ್ಲಿರುವಂತೆಯೇ ನ್ಯಾಂಜಾ ಮಾತಿನಲ್ಲೂ ಮನೆ ಕಟ್ಟುವುದಕ್ಕೂ ಮನುಷ್ಯನನ್ನು ಕಟ್ಟುವುದಕ್ಕೂ ಪದ ಒಂದೇ. ಪಾದ್ರಿಗಳ ಅಂಗಳದಲ್ಲಿ ಬೆಳೆದವನಿಗೆ ಕಟ್ಟುವುದೆಂದರೆ ಇಟ್ಟಿಗೆ, ಗಾರೆ, ಗಂಟೆಗೋಪುರ. ಚಿಗಾರು ಹತ್ತು ವರ್ಷದವನಿದ್ದಾಗ ಗುಲಾಮರ ವ್ಯಾಪಾರಿಗಳು ಅವನ ಊರಿನ ಬೇಲಿಯ ಹೊರಗೆ ನಿಂತು ಕೂಗಿದ್ದೂ ಇದೇ ಮಾತನ್ನು: ಕಟ್ಟಲು ಬಂದಿದ್ದೇವೆ, ಸುಮ್ಮನೆ ಹೊರಗೆ ಬನ್ನಿ. ಅವನ ಮಣಿಕಟ್ಟುಗಳಲ್ಲಿ ಆ ಹಗ್ಗದ ಗುರುತು ಇನ್ನೂ ಇತ್ತು. ಚೆಂಬೆಯ ಜನ ಆ ವ್ಯಾಪಾರಿಗಳಿಗೆ ಹೆದರಿಯೇ ಕೊರಕಲಿನಾಚೆ ಹೋಗಿ ಸೇರಿದವರು.

ಒಂದು ಪದ ಸೇರಿಸು, ಮನೆ ಎನ್ನು, ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಮಾತು ಚಿಗಾರುವಿನ ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಬ್ವನಾಲಿ ಆಹಾ ಎಂದು ತಲೆದೂಗಿದ, ದೊರೆ ಸುಮ್ಮನೆ ಇವನನ್ನು ಆರಿಸಿಲ್ಲ ಎಂದ.

"ಓದಿದವನು ನೀನು," ಎಂದ ಚಿಗಾರು. "ನನ್ನ ಯಾಕೆ ಕೇಳ್ತೀಯ?"

ಅವನಿಗೆ ಬೇಕಿದ್ದದ್ದು ಇಷ್ಟೇ. ಆಚೆಯವರು ಯೋನಾನನ್ನು ಬೈದು ಅಟ್ಟಬೇಕು, ಅವನು ಬರಿಗೈಯಲ್ಲಿ ದೊರೆಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಸೇತುವೆಯ ವಿಚಾರ ಅವನಿಗೆ ಹೊಳೆದಿರಲಿಲ್ಲ.

ಕೊರಕಲು ಅಷ್ಟೇನೂ ಅಗಲವಿಲ್ಲ, ಅರವತ್ತು ಹೆಜ್ಜೆ. ಆದರೆ ಎರಡೂ ಕಡೆ ಕಲ್ಲಿನ ಗೋಡೆ ನೆಟ್ಟಗೆ ಇಳಿದು, ತಳದಲ್ಲಿ ನೀರು ಬಂಡೆಗಳಿಗೆ ಬಡಿದು ಬೆಳ್ಳಗೆ ನೊರೆಯಾಗುತ್ತಿತ್ತು. ತೋಳಿನ ದಪ್ಪದ ಕಾಡುಬಳ್ಳಿಗಳನ್ನು ಹೆಣೆದ ಸೇತುವೆ ನಡುವೆ ಜೋಲಿಯಾಗಿ ಇಳಿಬಿದ್ದಿತ್ತು. ಮೇಲುಗಡೆಯ ಬೆಟ್ಟದ ನೆತ್ತಿಯಲ್ಲಿ ಆಗಲೇ ಕಪ್ಪು ಮೋಡ, ಆಗೊಮ್ಮೆ ಈಗೊಮ್ಮೆ ಗುಡುಗು.

ಯೋನಾ ಸೇತುವೆಯ ಮೊದಲಲ್ಲಿ ನಿಂತು "ಓಡೀ" ಎಂದು ಕೂಗಿದ. ಆ ನಾಡಿನಲ್ಲಿ ಹಾಗೆಂದರೆ ಬರಬಹುದೇ ಎಂದು ಕೇಳಿದ ಹಾಗೆ. ನಮ್ಮವರು ಕೇಳಿಸಿಕೊಂಡಿದ್ದರೆ ನಿಜಕ್ಕೂ ಓಡಿಬಿಡುತ್ತಿದ್ದರು. ಆಚೆ ಮೂವರು ಕಾಣಿಸಿಕೊಂಡರು. ಯೋನಾ ಬಳ್ಳಿ ಹಿಡಿದು ನಡೆದ. ಅರ್ಧ ದಾಟಿದ. ಬಾಯಿಗೆ ಕೈ ಅಡ್ಡವಿಟ್ಟು, ಗಂಟಲೆತ್ತಿ, ಆ ಮಾತನ್ನು ಹೇಳಿದ.

ಆಚೆಯವರಲ್ಲಿ ಒಬ್ಬ ಕೊಡಲಿ ಎತ್ತಿದ.

"ಬೇಡ," ಎಂದು ಚಿಗಾರು ಕೂಗಿದ. ನೀರು ಅದನ್ನು ನುಂಗಿತು.

ಎರಡು ಏಟು. ಬಲಗಡೆಯ ಬಳ್ಳಿ ಹರಿಯಿತು. ಸೇತುವೆ ಮಗುಚಿತು. ಮತ್ತೆರಡು ಏಟು. ಆಚೆ ತುದಿ ಕಳಚಿ ಇಡೀ ಸೇತುವೆ ಈಚೆ ಗೋಡೆಗೆ ಬೀಸಿ ಬಂತು. ಯೋನಾ ನಡುವಿನಲ್ಲೇ ಕೈಬಿಟ್ಟ.

ಬಿದ್ದದ್ದು ನೀರಿಗೆ. ನೀರು ಅವನನ್ನು ಉರುಳಿಸಿ ಹೊಳೆನಡುವಿನ ಒಂದು ಚಪ್ಪಟೆ ಬಂಡೆಗೆ ಬಡಿಯಿತು. ಅವನು ಅದನ್ನು ತಬ್ಬಿ ಮೇಲಕ್ಕೆ ತೆವಳಿದ. ಒಂದು ಕಾಲು ಹೇಗೋ ತಿರುಚಿಕೊಂಡು ಹಿಂದೆ ಎಳೆದುಬರುತ್ತಿತ್ತು. ಮೊದಲ ಬಾಣ ಅವನ ತಲೆಯ ಪಕ್ಕದ ಕಲ್ಲಿಗೆ ತಾಗಿ ಚಿಮ್ಮಿತು.

ಇರುವುದನ್ನು ಇದ್ದ ಹಾಗೆ ಹೇಳಬೇಕು. ಒಂದು ಉಸಿರಿನಷ್ಟು ಹೊತ್ತು ಚಿಗಾರುವಿಗೆ ಹಾಯೆನಿಸಿತು. ಕಾಲುದಾರಿಯಲ್ಲಿ ಮುಂದೆ ಆ ಬೆನ್ನಿಲ್ಲ, ದೊರೆಯ ಬಾಗಿಲೊಳಗೆ ಆ ನಗುವಿಲ್ಲ. ಎರಡನೆಯ ಉಸಿರಿಗೆ ಅವನಿಗೆ ತನ್ನ ಮೇಲೇ ವಾಕರಿಕೆ ಬಂತು.

ಕೂಗಿ ಪ್ರಯೋಜನವಿಲ್ಲ. ಅವನು ಬಂದೂಕು ಎಸೆದ, ಟೊಪ್ಪಿಗೆ ತೆಗೆದಿಟ್ಟ. ಅಂಚಿಗೆ ಹೋಗಿ, ಬಾಣಗಳಿಗೆ ಎದೆ ಕೊಟ್ಟು, ಎರಡೂ ಮಂಡಿ ಊರಿದ. ಅಂಗೈಗಳನ್ನು ಬೊಗಸೆಯಂತೆ ಬಗ್ಗಿಸಿ ನಿಧಾನವಾಗಿ ಚಪ್ಪಾಳೆ ತಟ್ಟತೊಡಗಿದ. ಆ ನಾಡಿನಲ್ಲಿ ಒಡತಿಯ ಮುಂದೆ ಮಕ್ಕಳು ಮರಿ ಎಲ್ಲ ತಟ್ಟುವುದು ಹಾಗೆಯೇ. ಮನುಷ್ಯರನ್ನು ಹಿಡಿಯಲು ಬಂದವನು ಮಂಡಿಯೂರಿ ಚಪ್ಪಾಳೆ ತಟ್ಟುವುದಿಲ್ಲ. ಹಿಂದೆ ಬ್ವನಾಲಿಯೂ ತಂಬಾಲನೂ ಹೊರೆ ಇಳಿಸಿ ಮಂಡಿಯೂರಿದರು. ಮೂರು ಜೋಡಿ ಕೈ ಏಳುವುದೂ ಸೇರುವುದೂ ಆಚೆ ದಡಕ್ಕೆ ಕಾಣುತ್ತಿತ್ತು.

ಬಾಣ ನಿಂತಿತು. ಮರಗಳ ಸಂದಿನಿಂದ ಒಬ್ಬ ಮುದುಕಿ ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಚಿಗಾರು ಮಣಿಕಟ್ಟುಗಳನ್ನು ಎತ್ತಿ ತೋರಿಸಿದ.

"ಅಮ್ಮಾ, ನನ್ನೂ ಕಟ್ಟಿದ್ರು. ನಾವು ಮನುಷ್ಯರನ್ನ ಕಟ್ಟೋಕೆ ಬಂದಿಲ್ಲ. ಮನೆ. ಮನೆ ಕಟ್ಟೋಕೆ."

ಅವಳಿಗೆ ಕೇಳಿಸಿತೋ ಇಲ್ಲವೋ. ಆಗಲೇ ನೀರಿನ ಬಣ್ಣ ಬದಲಾಗಿತ್ತು. ಬೆಟ್ಟದ ಮೇಲೆ ಬಿದ್ದ ಮಳೆ ಕೆಂಪಾಗಿ, ಎಲೆ ಕಡ್ಡಿ ಹೊತ್ತು ಇಳಿದು ಬರುತ್ತಿತ್ತು. ಯೋನಾನ ಬಂಡೆ ನೋಡನೋಡುತ್ತ ಕಿರಿದಾಗುತ್ತಿತ್ತು.

ಚಿಗಾರು ಈಚೆ ಗೋಡೆಗೆ ನೇತುಬಿದ್ದಿದ್ದ ಸೇತುವೆಯನ್ನೇ ಏಣಿ ಮಾಡಿಕೊಂಡು ಇಳಿದ. ಬಳ್ಳಿ ಜಾರಿತು. ಮೊಣಕೈ ತರಚಿತು. ತುದಿ ಮುಟ್ಟಿದೊಡನೆ ನೀರಿಗೆ ಧುಮುಕಿದ. ಪ್ರವಾಹ ಅವನನ್ನು ಎಲ್ಲಿಗೋ ಒಯ್ಯುತ್ತಿದ್ದಾಗ ಯೋನಾ ಬಂಡೆಯ ಮೇಲಿಂದ ಬಾಗಿ ಅವನ ಜುಟ್ಟು ಹಿಡಿದ.

"ನಾನೇನು ತಪ್ಪು ಹೇಳ್ದೆ ಅಣ್ಣ?"

"ಆಮೇಲೆ."

ನೀರು ಮಂಡಿಗೆ ಬಂದಿತ್ತು. ಮೇಲಿನಿಂದ ಮುದುಕಿಯ ಕಡೆಯವರು ಒಂದು ಉದ್ದ ಬಳ್ಳಿ ಎಸೆದರು. ಅದು ನೀರಿಗೆ ಬಿತ್ತು. ಎರಡನೆಯ ಸಲ ಸಿಕ್ಕಿತು. ಚಿಗಾರು ಸೊಂಟದ ಬಟ್ಟೆ ಬಿಚ್ಚಿ, ಹೆಂಗಸರು ಕೂಸನ್ನು ಹೊರುವಂತೆ ಯೋನಾನನ್ನು ಬೆನ್ನಿಗೆ ಹಾಕಿಕೊಂಡ.

"ಅಲ್ಲಾಡ್ಬೇಡ. ಕಟ್ತಾ ಇದೀನಿ."

ಗಂಟು ಬಿಗಿಯಾಯಿತು.

"ಓ," ಎಂದ ಯೋನಾ. "ಕಟ್ಟೋದು." ಆಮೇಲೆ ಕಿವಿಯ ಹತ್ತಿರವೇ, "ನಿನಗೆ ಗೊತ್ತಿತ್ತಾ?"

ಅಲೆ ಬಂದು ಇಬ್ಬರ ಬಾಯಿಯನ್ನೂ ಮುಚ್ಚಿತು. ಬಳ್ಳಿ ಎಳೆಯಿತು. ಕಲ್ಲಿಗೆ ಉಜ್ಜಿ, ತಿರುಗಿ, ಮತ್ತೆ ಉಜ್ಜಿ, ಅವರಿಬ್ಬರು ಆಚೆ ದಡದ ಹುಲ್ಲಿನ ಮೇಲೆ ಮೀನಿನ ಹಾಗೆ ಬಿದ್ದರು.

ಆ ಮುದುಕಿಯೇ ಚೆಂಬೆ. ಗಿಡ್ಡ ಚಿಲುಮೆ ಸೇದುತ್ತ, ಯೋನಾನ ಕಾಲಿಗೆ ಹಸಿ ತೊಗಟೆ ಸುತ್ತಿಸಿ, ಕುಡಿಯಲು ಸಿಹಿ ಗಂಜಿ ಕೊಡಿಸಿದಳು. ಆಮೇಲೆ ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಕೇಳಿದಳು. ಒಂದು ಪದಕ್ಕಾಗಿ ಒಳ್ಳೆಯ ಸೇತುವೆ ಹೋಯಿತಲ್ಲ ಎಂದು ಬೈದಳು. ಕೊನೆಗೆ ಚಿಲುಮೆ ಬಾಯಿಂದ ತೆಗೆದಳು.

"ಮನೆ ಅಂತೀರಿ. ಆ ಬೊಮಾದಲ್ಲಿ ಜನರನ್ನ ಕಟ್ಟಿಹಾಕೋ ಕೋಣೆ ಇದೆಯೋ, ಇಲ್ವೋ?"

ಸರ್ಕಾರ, ಕಾಯಿದೆ, ನ್ಯಾಯ ಎಂದು ಏನೇನೋ ಯೋನಾನ ಬಾಯಿಗೆ ಬರುವುದರಲ್ಲಿತ್ತು.

"ಇದೆ," ಎಂದ ಚಿಗಾರು.

"ಇಲ್ಲ ಅಂದಿದ್ರೆ ಇಬ್ಬರನ್ನೂ ವಾಪಸ್ ಹೊಳೆಗೆ ಹಾಕಿಸ್ತಿದ್ದೆ," ಎಂದಳು ಚೆಂಬೆ. "ಒಂದಲ್ಲ ಒಂದು ದಿನ ಈ ದೊರೆಗಳು ಬಂದೇ ಬರ್ತಾರೆ, ನಂಗೆ ಗೊತ್ತು. ಕಟ್ಕೊಳ್ಳಿ. ಆದ್ರೆ ನೀವು ಬಂದ ಕಡೆಯ ದಡದಲ್ಲಿ. ಸೇತುವೆ ಮತ್ತೆ ನಾವು ಹೆಣೀತೀವಿ, ಕೊಡಲೀನೂ ನಮ್ಮ ಹತ್ರಾನೇ ಇರತ್ತೆ." ಯೋನಾನ ಹೆಗಲಿಗೆ ಬಿಗಿದಿದ್ದ ತಗಡಿನ ಕೊಳವೆಯೊಳಗೆ ನೆನೆಯದೆ ಉಳಿದಿದ್ದ ಕಾಗದದ ಮೇಲೆ ಮಸಿ ಹಚ್ಚಿದ ಬೆರಳು ಒತ್ತಿ, ಒತ್ತಿದ್ದು ಯಾತಕ್ಕೆಂದು ಚಿಗಾರುವಿನ ಬಾಯಲ್ಲಿ ಮೂರು ಸಲ ಹೇಳಿಸಿದಳು.

ಮರುದಿನ ನೀರಿನ ಸೊಕ್ಕು ತಗ್ಗಿದ ಮೇಲೆ ಮರಳಿದರು, ಮೇಲ್ಹೊಳೆಯಲ್ಲಿ ನಡೆದು ದಾಟಬಹುದಾದ ಹಾಯ್ಗಡದ ಮೂಲಕ. ಹೊರಗಿನವರಿಗೆ ಗೊತ್ತಿಲ್ಲದ ಆ ಜಾಗವನ್ನು ಚೆಂಬೆಯ ಆಳುಗಳೇ ತೋರಿಸಿದರು. ಬ್ವನಾಲಿ, ತಂಬಾಲರಿಗೂ ಸನ್ನೆ ಮಾಡಿ ಈಚೆ ದಡದಲ್ಲೇ ಅಲ್ಲಿಗೆ ಬರಹೇಳಿದರು. ನೀರು ಎದೆಮಟ್ಟ. ಯೋನಾನನ್ನು ತಲೆಯ ಮೇಲೆ ಎತ್ತಿ ದಾಟಿಸಿದರು. ಅಲ್ಲಿಂದ ಮುಂದೆ ಒಂದು ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿ, ಅದರಲ್ಲಿ ಮಲಗಿಸಿ ಹೊತ್ತರು. ದೊರೆಗಳನ್ನು ಹೊರುವುದು ಅಂಥ ಜೋಲಿಯಲ್ಲೇ. ಮುಂದಿನ ತುದಿಗೆ ಚಿಗಾರು, ಹಿಂದಿನ ತುದಿಗೆ ತಂಬಾಲ.

"ನೋಡು ಕಪಿತಾವೊ," ಎಂದ ಬ್ವನಾಲಿ. "ಕೊನೆಗೂ ಮುಂದೆ ನೀನೇ."

ಚಿಗಾರು ಹಲ್ಲು ಕಚ್ಚಿದ. ಎರಡು ತಿಂಗಳ ಹಿಂದೆ ಬಂದವನು ಈಗ ದೊರೆಯ ಹಾಗೆ ಮಲಗಿದ್ದಾನೆ, ತಾನು ಹೆಗಲು ಕೊಟ್ಟಿದ್ದಾನೆ. ಇದನ್ನು ತನ್ನ ಕೈಯಾರೆ ತಂದುಕೊಂಡದ್ದು ಎಂಬುದೂ ಗೊತ್ತಿತ್ತು. ಐದು ದಿನ, ಜವುಗಿನಲ್ಲಿ, ಮಳೆಯಲ್ಲಿ, ಆ ಗಳ ಅವನ ಹೆಗಲ ಚರ್ಮ ಸುಲಿಯಿತು. ತಂಬಾಲ ಹೆಗಲು ಬದಲಿಸೋಣವೆಂದರೆ ಬೇಡವೆಂದ. ಬಂಡೆಯ ಮೇಲೆ ಕೇಳಿದ ಪ್ರಶ್ನೆಯನ್ನು ಯೋನಾ ಮತ್ತೆ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಬೊಮಾ ಮುಟ್ಟಿದಾಗ ಮಳೆ ಧಾರಾಕಾರ. ಜ್ವರ ಬಿಟ್ಟ ದೊರೆ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದ. ಕಾಗದದ ಮೇಲಿನ ಕರಿ ಬೆರಳಿನ ಗುರುತು ನೋಡಿ ಅವನ ಮುಖ ಅರಳಿತು. ಯೋನಾ ಕೋಲೂರಿ ನಿಂತು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಅದರಲ್ಲಿ ಚಿಗಾರು ಎಂಬ ಹೆಸರು ನಾಲ್ಕು ಸಲ ಬಂತು. ಚಿಗಾರು ಎಣಿಸಿದ್ದ.

"ಏನಂದೆ?"

"ತಪ್ಪು ಮಾತಾಡಿದ್ದು ನಾನು, ಜೀವ ಉಳಿಸಿದ್ದು ನೀನು, ಒಪ್ಪಿಗೆ ತಂದದ್ದೂ ನೀನು ಅಂತ."

ಚಿಗಾರುವಿನೊಳಗಿನ ಕೆಂಡ ಭಗ್ಗೆಂದಿತು. ಓದು ಅವನದು, ಗುರಿ ಅವನದು, ನಗು ಅವನದು. ಈಗ ದೊಡ್ಡ ಮನಸ್ಸೂ ಅವನದೇ ಆಗಬೇಕೇ? ಇದೊಂದರಲ್ಲಿ ಬಿಟ್ಟುಕೊಡಬಾರದು ಎನಿಸಿತು.

"ಹಾಗಾದ್ರೆ ಇದನ್ನೂ ಹೇಳು. ಆ ಮಾತು ಕೇಳಿದ್ರೆ ಅವರು ಏನಂದ್ಕೋತಾರೆ ಅಂತ ನಂಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ, ನಿನ್ನ ಕಂಡ್ರೆ ಆಗದೆ, ಬಾಯಿ ಮುಚ್ಕೊಂಡಿದ್ದೆ. ಹೇಳು ದೊರೆಗೆ."

ಯೋನಾ ಚಿಗಾರುವಿನ ಮುಖವನ್ನು ನೋಡಿದ. ಬಳಿಕ ದೊರೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ನಾಲ್ಕೇ ನಾಲ್ಕು ಮಾತು ಹೇಳಿದ.

ದೊರೆ ಎದ್ದ. ಚಿಗಾರು ಕೆಂಪು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ, ಕಸಿದುಕೊಳ್ಳುವ ಮೊದಲು ತಾನೇ ಕೊಟ್ಟುಬಿಡಲೆಂದು. ದೊರೆ ಟೊಪ್ಪಿಗೆಯನ್ನು ಮುಟ್ಟಲಿಲ್ಲ. ಚಿಗಾರುವಿನ ಬಲಗೈಯನ್ನು ಹಿಡಿದು ಜೋರಾಗಿ ಕುಲುಕಿ, ಬೆನ್ನು ತಟ್ಟಿ, ನಗುತ್ತ ಒಳಗೆ ಹೋದ. ಮೂರು ವರ್ಷದಲ್ಲಿ ಅವನು ಚಿಗಾರುವಿನ ಕೈ ಮುಟ್ಟಿದ್ದು ಅದೇ ಮೊದಲು.

"ಏನ್ ಹೇಳ್ದೆ ಅವನಿಗೆ?"

"ನೀನು ಹೇಳಿದ್ದನ್ನೇ."

"ಅಂಥ ಮಾತಿಗೆ ಯಾರೂ ಕೈ ಕುಲುಕಲ್ಲ."

"ನಿಜ ಹೇಳಿದ್ರೆ ನಿನ್ನ ಮನೆಗೆ ಕಳಿಸಿಬಿಡ್ತಾನೆ," ಎಂದ ಯೋನಾ, ಮೆಟ್ಟಿಲ ಮೇಲೆ ಕುಂಟುಗಾಲು ಚಾಚಿ ಕೂರುತ್ತ. "ಆಮೇಲೆ ಜವುಗಲ್ಲಿ ನನ್ನ ಯಾರು ಎಳೀತಾರೆ, ಈ ಹುಂಜಾನಾ? ನಂಗೂ ಸಿಟ್ಟಿದೆ ಅಣ್ಣ. ಕಾಲು ವಾಸಿಯಾಗ್ಲಿ, ಆಗ ನೋಡ್ಕೋತೀನಿ."

ಮಾಡಿನಿಂದ ನೀರು ಇಳಿಯುತ್ತಿತ್ತು. ಚಿಗಾರು ಟೊಪ್ಪಿಗೆ ಹಿಂಡಿ ತಲೆಗೆ ಹಾಕಿಕೊಂಡ. ಹೋಗಿಬಿಡೋಣ ಎಂದು ಎರಡು ಹೆಜ್ಜೆ ಇಟ್ಟವನು ತಿರುಗಿ ಬಂದು ಅದೇ ಮೆಟ್ಟಿಲಿನ ಇನ್ನೊಂದು ತುದಿಯಲ್ಲಿ ಕುಳಿತ.

"ಸುಳ್ಳ ಅನ್ನೋಕೆ ಇಂಗ್ಲಿಷಲ್ಲಿ ಏನಂತಾರೆ?"

ಯೋನಾ ಹೇಳಿಕೊಟ್ಟ. ಚಿಗಾರು ಆ ಪದವನ್ನು ಬಾಯೊಳಗೆ ಎರಡು ಸಲ ಹೊರಳಿಸಿದ, ಆಮೇಲೆ ಯೋನಾನ ಕಡೆ ತಿರುಗಿ ನೆಟ್ಟಗೆ ಅವನ ಮುಖಕ್ಕೇ ಹೇಳಿದ. ಮೊದಲ ಸಲಕ್ಕೇ ಸರಿಯಾಗಿ ಬಂತು.